ಮಳೆಗಾಲದ ತಾಳಮದ್ದಳೆಗೆ ನಾಲ್ಕು ಮೈಕು, ಒಂದು ಹಳೆಯ ಲ್ಯಾಪ್‌ಟಾಪ್

ಪ್ರಶ್ನೆ: ಶಿರಸಿ ಸಮೀಪದ ನಮ್ಮ ಊರಿನಲ್ಲಿ ಮಳೆಗಾಲದುದ್ದಕ್ಕೂ ತಾಳಮದ್ದಳೆ ಕೂಟ ನಡೆಯುತ್ತದೆ. ಸಭಾಭವನಕ್ಕೆ ತಗಡಿನ ಮಾಡು. ಹೋದ ವರ್ಷ ಮೊಬೈಲಿನಲ್ಲಿ ಮಾಡಿದ ಧ್ವನಿಮುದ್ರಣದಲ್ಲಿ ಚಂಡೆ ಬಂದಾಗಲೆಲ್ಲ ಧ್ವನಿ ಒಡೆದಿದೆ, ಅರ್ಥಧಾರಿಗಳ ಮಾತು ಬಾವಿಯೊಳಗಿಂದ ಬಂದಂತಿದೆ, ಅದರ ಮೇಲೆ ಮಳೆಯ ಸದ್ದು. ಈ ಸಲ ನಾಲ್ಕು ಚಾನೆಲ್ಲಿನ ಯುಎಸ್‌ಬಿ ಇಂಟರ್‌ಫೇಸ್ (ಮೈಕುಗಳನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ) ಮತ್ತು ನಾಲ್ಕು ಡೈನಾಮಿಕ್ ಮೈಕು ಹೊಂದಿಸಿದ್ದೇವೆ. ಲ್ಯಾಪ್‌ಟಾಪ್ ಹಳೆಯದು, 4 ಜಿಬಿ ರ‍್ಯಾಮ್. ಸಾಫ್ಟ್‌ವೇರಿಗೆ ದುಡ್ಡಿಲ್ಲ, ಕದ್ದ ಪ್ರತಿ ಬೇಡ. ಆರ್ಡೋರ್, ಆಡಾಸಿಟಿ, ಎಲ್‌ಎಂಎಂಎಸ್ ಇವುಗಳಲ್ಲಿ ಯಾವುದು ಆದೀತು? ಇನ್ನೊಂದು ವಿಷಯ: ಸಂಘದ ಹಿರಿಯ ಸದಸ್ಯರೊಬ್ಬರಿಗೆ ದೃಷ್ಟಿ ಹೋಗಿದೆ. ನುಡಿಯಲ್ಲಿ ಟೈಪು ಮಾಡಿಟ್ಟ ಪ್ರಸಂಗದ ಪದ್ಯಗಳನ್ನು ಕಂಪ್ಯೂಟರ್ ಅವರಿಗೆ ಓದಿ ಹೇಳಬಹುದೇ? ಧ್ವನಿಮುದ್ರಣದ ಆರಂಭದ ಪರಿಚಯವನ್ನೂ ಕಂಪ್ಯೂಟರ್ ಧ್ವನಿಯಲ್ಲೇ ಕೊಡಬಹುದೇ?

ಉತ್ತರ: ಮುದ್ರಿಸುವುದಕ್ಕೆ ಆರ್ಡೋರ್, ಆಮೇಲೆ ಕತ್ತರಿಸಿ ಶುಚಿ ಮಾಡುವುದಕ್ಕೆ ಆಡಾಸಿಟಿ. ಎಲ್‌ಎಂಎಂಎಸ್ ನಿಮ್ಮ ಕೆಲಸದ್ದಲ್ಲ. ಅದು ಬೀಟ್ ಜೋಡಿಸಿ ಸಂಗೀತ ಕಟ್ಟುವವರಿಗೆ ಒಳ್ಳೆಯ ಉಪಕರಣ, ಆದರೆ ಅದರ 1.2 ಸ್ಥಿರ ಆವೃತ್ತಿಯಲ್ಲಿ ಮೈಕಿನಿಂದ ಮುದ್ರಿಸುವ ಸೌಲಭ್ಯವೇ ಇಲ್ಲ. ಹೇಳಿದ ಮೂರು ತೊಂದರೆಗಳಲ್ಲಿ ಎರಡು ಮಾತ್ರ ಯಾವ ಸಾಫ್ಟ್‌ವೇರಿನಿಂದಲೂ ಆಮೇಲೆ ಸರಿಹೋಗುವಂಥವಲ್ಲ. ಒಡೆದ ಚಂಡೆಯನ್ನು ಕೂಡಿಸಲಾಗದು, ದೂರದ ಮಾತನ್ನು ಹತ್ತಿರ ತರಲಾಗದು. ಅವೆರಡೂ ಕೂಟ ಶುರುವಾಗುವ ಮುಂಚಿನ ಅರ್ಧ ಗಂಟೆಯಲ್ಲಿ ತೀರ್ಮಾನವಾಗುತ್ತವೆ. ಆದ್ದರಿಂದ ಈ ಉತ್ತರದ ಹೆಚ್ಚಿನ ಪಾಲು ಆ ಅರ್ಧ ಗಂಟೆಗೇ ಮೀಸಲು.

ಮೊದಲು ಲ್ಯಾಪ್‌ಟಾಪ್. 4 ಜಿಬಿಯಲ್ಲಿ ವಿಂಡೋಸ್ ಬದಲು ಡೆಬಿಯನ್ ಎಂಬ ಉಚಿತ ಲಿನಕ್ಸ್ ಹಾಕಿ, ಡೆಸ್ಕ್‌ಟಾಪಿಗೆ ಹಗುರವಾದ ಎಕ್ಸ್‌ಎಫ್‌ಸಿಇ ಆರಿಸಿಕೊಳ್ಳಿ. ಉಬುಂಟು ಸ್ಟುಡಿಯೋದಲ್ಲಿ ಎಲ್ಲವೂ ತುಂಬಿಕೊಂಡೇ ಬರುತ್ತದೆ, ಆದರೆ ಅದರ ಕೆಡಿಇ ಡೆಸ್ಕ್‌ಟಾಪು ಇಷ್ಟು ರ‍್ಯಾಮಿಗೆ ಭಾರ. ಡೆಬಿಯನ್ನಿನ ಭಂಡಾರದಲ್ಲಿ ಆರ್ಡೋರ್, ಆಡಾಸಿಟಿ, ಎಲ್‌ಎಸ್‌ಪಿ ಮತ್ತು ಎಕ್ಸ್42 ಪ್ಲಗಿನ್‌ಗಳು (ಧ್ವನಿ ತಿದ್ದುವ ಸೇರ್ಪಡೆಗಳು) ಎಲ್ಲವೂ ಪುಕ್ಕಟೆಯಾಗಿ ಸಿಗುತ್ತವೆ. ಇಲ್ಲಿ ಒಂದು ಗೊಂದಲ ಸಾಮಾನ್ಯ. ಪಾಲ್ ಡೇವಿಸ್ ಶುರುಮಾಡಿದ ಆರ್ಡೋರ್ ಜಿಪಿಎಲ್ ಪರವಾನಗಿಯ ಮುಕ್ತ ತಂತ್ರಾಂಶ. ಅದರ ಮೂಲ ಸಂಕೇತ ಎಲ್ಲರಿಗೂ ಉಚಿತ, ಆದರೆ ಅದರ ಅಧಿಕೃತ ತಾಣದಲ್ಲಿ ಸಿದ್ಧಪಡಿಸಿಟ್ಟ ಪ್ರತಿಗೆ ಹಣ ಕೇಳುತ್ತಾರೆ. ಅಲ್ಲಿನ ಉಚಿತ ಮಾದರಿ ಹತ್ತು ನಿಮಿಷದ ನಂತರ ಮೌನವಾಗುತ್ತದೆ. ಅದನ್ನು ವಿಂಡೋಸಿನಲ್ಲಿ ಹಾಕಿಕೊಂಡು ಕೂಟದ ದಿನ ತಬ್ಬಿಬ್ಬಾದವರಿದ್ದಾರೆ. ಡೆಬಿಯನ್ನಿನವರು ತಾವೇ ಕಟ್ಟಿ ಕೊಡುವ ಪ್ರತಿಗೆ ಆ ಕಟ್ಟಿಲ್ಲ. ಕೊಟ್ಟರೆ ತಪ್ಪೇನಿಲ್ಲ, ಆ ಹಣದಿಂದಲೇ ಅದರ ಅಭಿವೃದ್ಧಿ ನಡೆಯುತ್ತಿರುವುದು.

ವಿಂಡೋಸನ್ನು ಬಿಡಲೇ ಆಗದಿದ್ದರೆ ಆಡಾಸಿಟಿಯಲ್ಲೇ ಮುದ್ರಿಸಿಬಿಡುವ ಆಸೆ ಹುಟ್ಟುತ್ತದೆ. ಅಲ್ಲೊಂದು ತೊಡಕಿದೆ. ಬಹುಕಾಲ ಆಡಾಸಿಟಿಯ ಸಿದ್ಧ ಪ್ರತಿಯಲ್ಲಿ ಏಸಿಯೋ (ಇಂಟರ್‌ಫೇಸಿನ ಎಲ್ಲ ಚಾನೆಲ್‌ಗಳನ್ನೂ ತಲುಪಿಸುವ ವಿಂಡೋಸಿನ ಡ್ರೈವರ್ ಪದ್ಧತಿ) ಸೇರಿಸಿರಲಿಲ್ಲ, ಅದಕ್ಕೆ ಕಾರಣ ಪರವಾನಗಿಯ ತಕರಾರು. ಅಂಥ ಪ್ರತಿಯಲ್ಲಿ ಇಂಟರ್‌ಫೇಸಿನ ನಾಲ್ಕು ಚಾನೆಲ್‌ಗಳಲ್ಲಿ ಎರಡೇ ಕಾಣಿಸುವುದುಂಟು. ಲಿನಕ್ಸಿನಲ್ಲಿ ಈ ತಲೆನೋವಿಲ್ಲ. ಇಂಟರ್‌ಫೇಸು ಕ್ಲಾಸ್ ಕಂಪ್ಲೈಂಟ್ ಆಗಿದ್ದರೆ, ಅಂದರೆ ಬೇರೆ ಡ್ರೈವರ್ ಬೇಡದ ಬಗೆಯದಾಗಿದ್ದರೆ, ಚುಚ್ಚಿದ ಕೂಡಲೇ ನಾಲ್ಕೂ ಕಾಣುತ್ತವೆ. ಪೆಟ್ಟಿಗೆಯ ಮೇಲೆ ಐಪ್ಯಾಡಿಗೂ ನಡೆಯುತ್ತದೆ ಎಂದು ಬರೆದಿದ್ದರೆ ಸಾಮಾನ್ಯವಾಗಿ ಅದು ಈ ಬಗೆಯದೇ.

ಲಿನಕ್ಸ್ ಆಡಿಯೋ ಎಂದ ಕೂಡಲೇ ಜ್ಯಾಕ್, ಪೈಪ್‌ವೈರ್, ರಿಯಲ್‌ಟೈಮ್ ಕರ್ನಲ್ ಎಂದು ಹೆದರಿಸುವವರು ಸಿಗುತ್ತಾರೆ. ನಿಮಗೆ ಅದ್ಯಾವುದೂ ಬೇಡ. ಆರ್ಡೋರ್ ತೆರೆದಾಗ ಬರುವ ಆಡಿಯೋ ಸೆಟಪ್ ಕಿಟಕಿಯಲ್ಲಿ ಆಲ್ಸಾ (ಲಿನಕ್ಸಿನೊಳಗೇ ಇರುವ ಆಡಿಯೋ ವ್ಯವಸ್ಥೆ) ಆರಿಸಿ, ಸಾಧನವಾಗಿ ನಿಮ್ಮ ಇಂಟರ್‌ಫೇಸು, ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆಯುವುದೆಂಬ ಸಂಖ್ಯೆ) 48000, ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಎತ್ತುವ ಸ್ಯಾಂಪಲ್‌ಗಳ ಕಂತು) 1024, ಪೀರಿಯಡ್ 3. ಬಫರ್ ಚಿಕ್ಕದಿದ್ದಷ್ಟೂ ಒಳ್ಳೆಯದು ಎಂಬ ಸಲಹೆ ಎಲ್ಲೆಲ್ಲೂ ಇದೆ. ಅದು ಕಂಪ್ಯೂಟರಿನ ಮೂಲಕ ತನ್ನ ಧ್ವನಿಯನ್ನೇ ಹೆಡ್‌ಫೋನಿನಲ್ಲಿ ಕೇಳುತ್ತ ಹಾಡುವವರಿಗೆ ಅನ್ವಯ. 48000ದಲ್ಲಿ 256 ಸ್ಯಾಂಪಲ್ ಅಂದರೆ 5.3 ಮಿಲಿಸೆಕೆಂಡು, 1024 ಅಂದರೆ 21.3. ಭಾಗವತರು ನೇರವಾಗಿ ಹಾಡುತ್ತಿರುವಾಗ ಆ 21 ಮಿಲಿಸೆಕೆಂಡು ಯಾರಿಗೂ ತಾಗುವುದಿಲ್ಲ, ಹಳೆಯ ಪ್ರೊಸೆಸರಿಗೆ ಮಾತ್ರ ಉಸಿರಾಡಲು ಪುರಸೊತ್ತು ಸಿಗುತ್ತದೆ. ಬಫರ್ ತೀರಾ ಚಿಕ್ಕದಾದರೆ ಪ್ರೊಸೆಸರ್ ಸಮಯಕ್ಕೆ ಸರಿಯಾಗಿ ದತ್ತಾಂಶ ಎತ್ತಲಾರದೆ ಎಕ್ಸ್‌ರನ್ ಆಗುತ್ತದೆ. ಧ್ವನಿಯಲ್ಲಿ ಅದು ಚಟ್ ಎಂಬ ಸಣ್ಣ ಕತ್ತರಿ, ಮತ್ತೆ ಬೆಸೆಯಲು ಬಾರದು. ಮುದ್ರಿಸುವಾಗ ವೈಫೈ ನಿಲ್ಲಿಸಿ, ಬ್ರೌಸರ್ ಮುಚ್ಚಿ, ಲ್ಯಾಪ್‌ಟಾಪು ನಿದ್ದೆಗೆ ಜಾರದಂತೆ ಪವರ್ ಸೆಟ್ಟಿಂಗಿನಲ್ಲಿ ತಡೆಯಿರಿ. ಕೊನೆಯದು ಸಣ್ಣ ವಿಷಯವೆನಿಸೀತು, ಆದರೆ ಮುದ್ರಣಗಳು ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಇದರಿಂದಲೇ.

ಹೊಸ ಸೆಷನ್ನಿಗೆ ಪ್ರಸಂಗದ ಹೆಸರು, ತಾರೀಕು ಕೊಟ್ಟು ನಾಲ್ಕು ಮೋನೋ ಆಡಿಯೋ ಟ್ರ್ಯಾಕ್ ಸೇರಿಸಿ. ಸೆಷನ್ ಪ್ರಾಪರ್ಟೀಸಿನ ಮೀಡಿಯಾ ಪುಟದಲ್ಲಿ ಸ್ಯಾಂಪಲ್ ಫಾರ್ಮ್ಯಾಟ್ 24 ಬಿಟ್, ಫೈಲ್ ಬಗೆ ಆರ್‌ಎಫ್64. ಜಾಗದ ಲೆಕ್ಕ ಹೀಗೆ: 48000 ಸ್ಯಾಂಪಲ್, ಒಂದೊಂದಕ್ಕೆ 3 ಬೈಟ್, ಗಂಟೆಗೆ ಒಂದು ಟ್ರ್ಯಾಕಿಗೆ ಸುಮಾರು 518 ಎಂಬಿ, ನಾಲ್ಕಕ್ಕೆ 2 ಜಿಬಿಗಿಂತ ತುಸು ಹೆಚ್ಚು. ಐದು ಗಂಟೆಯ ಕೂಟಕ್ಕೆ ಹತ್ತೂವರೆ ಜಿಬಿ. ಆರ್‌ಎಫ್64 ಯಾಕೆಂದರೆ ಮಾಮೂಲಿ ವೇವ್ ಫೈಲು ತನ್ನ ಗಾತ್ರವನ್ನು 32 ಬಿಟ್ ಸಂಖ್ಯೆಯಲ್ಲಿ ಬರೆದುಕೊಳ್ಳುವುದರಿಂದ 4 ಜಿಬಿ ದಾಟಲಾರದು. ಟ್ರ್ಯಾಕಿಗೊಂದು ಮೋನೋ ಫೈಲು ಬರೆಯುವ ಆರ್ಡೋರಿನಲ್ಲಿ ಆ ಮಿತಿ ಬಲು ದೂರ. ಆದರೆ ನಾಲ್ಕೂ ಚಾನೆಲನ್ನು ಒಂದೇ ವೇವ್ ಫೈಲಿಗೆ ತುಂಬುವ ಸಾಧನಗಳು ಎರಡು ಗಂಟೆ ನಾಲ್ಕು ನಿಮಿಷಕ್ಕೆ ಅಲ್ಲಿಗೆ ತಲುಪುತ್ತವೆ. ಇದೇ ಮಿತಿ ಎಫ್‌ಎಟಿ32 ಪೆನ್‌ಡ್ರೈವಿಗೂ ಇದೆ. ದೊಡ್ಡ ಫೈಲು ನಕಲಾಗದಿದ್ದರೆ ಪೆನ್‌ಡ್ರೈವ್ ಕೆಟ್ಟಿದೆ ಎಂದು ಎಸೆಯಬೇಡಿ, ಎಕ್ಸ್‌ಫ್ಯಾಟಿಗೆ ಫಾರ್ಮ್ಯಾಟ್ ಮಾಡಿ.

ಪ್ರತಿ ಟ್ರ್ಯಾಕಿನ ಕೆಂಪು ಗುಂಡಿ, ಮೇಲಿನ ದೊಡ್ಡ ಕೆಂಪು ಗುಂಡಿ, ಆಮೇಲೆ ಪ್ಲೇ. ಮೂರನೆಯದನ್ನು ಒತ್ತದೆ ದೊಡ್ಡ ಗುಂಡಿ ಮಿನುಗುವುದನ್ನೇ ನೋಡಿ ಮುದ್ರಣ ನಡೆದಿದೆ ಎಂದುಕೊಳ್ಳುವುದು ಹೊಸಬರಲ್ಲಿ ತೀರಾ ಸಾಮಾನ್ಯ. ತರಂಗದ ಚಿತ್ರ ಪರದೆಯ ಮೇಲೆ ಬಲಕ್ಕೆ ಬೆಳೆಯುತ್ತಿದ್ದರೆ ಮಾತ್ರ ಮುದ್ರಣ ನಡೆದಿದೆ.

ಈಗ ಮೈಕುಗಳು. ನಾಲ್ಕರಲ್ಲಿ ಒಂದು ಭಾಗವತರಿಗೆ, ಎರಡು ಅರ್ಥಧಾರಿಗಳ ಎರಡು ಸಾಲಿಗೆ, ಒಂದು ಮದ್ದಳೆಗೆ. ಚಂಡೆಗೆ ಮೈಕು ಬೇಡ. ಚಂಡೆಯವರಿಗೆ ಇದು ಅವಮಾನವೆನಿಸಬಹುದು, ಆದರೆ ಮುಚ್ಚಿದ ಸಭಾಭವನದಲ್ಲಿ ಚಂಡೆ ಉಳಿದ ನಾಲ್ಕೂ ಮೈಕಿಗೆ ಬೇಕಾದಷ್ಟು ನುಗ್ಗುತ್ತದೆ. ಅದಕ್ಕೇ ಐದನೆಯ ಮೈಕು ಇದ್ದರೂ ಆಮೇಲೆ ಅದನ್ನು ಮುಚ್ಚಿಡಬೇಕಾದೀತು. ಬದಲಿಗೆ ಚಂಡೆ ಕೂರುವ ಜಾಗವನ್ನು ಅರ್ಥಧಾರಿಗಳ ಮೈಕುಗಳ ಬೆನ್ನಿಗೆ ಬರುವಂತೆ ಹೊಂದಿಸಿ. ಕಾರ್ಡಿಯಾಯ್ಡ್ ಮೈಕಿಗೆ ಬೆನ್ನ ಹಿಂದಿನದು ಕಡಿಮೆ ಕೇಳುತ್ತದೆ.

ಭಾಗವತರ ಮೈಕು ಬಾಯಿಂದ 10ರಿಂದ 15 ಸೆಂಟಿಮೀಟರ್, ನೇರಕ್ಕಿಂತ ತುಸು ಓರೆಯಾಗಿ. ನೇರ ಇಟ್ಟರೆ ಪ, ಬ, ಭ ಬಂದಲ್ಲೆಲ್ಲ ಗಾಳಿ ಬಡಿಯುತ್ತದೆ. ಅವರ ಕೈಯ ತಾಳ ಮೈಕಿಗಿಂತ ಸಾಕಷ್ಟು ಕೆಳಗಿರಲಿ. ಲೋಹದ ಆ ಮೊನೆ ಕಿವಿಗೆ ಸಣ್ಣದೆನಿಸಿದರೂ ಮೀಟರಿನಲ್ಲಿ ದೊಡ್ಡ ಶಿಖರ ಎಬ್ಬಿಸಿ, ಹಾಡಿಗೆ ಸಿಗಬೇಕಾದ ಗೇನನ್ನು (ಮೈಕಿನ ಧ್ವನಿಯನ್ನು ಎಷ್ಟು ಏರಿಸುವುದೆಂಬ ಮಟ್ಟ) ತಿಂದುಹಾಕುತ್ತದೆ. ಮದ್ದಳೆಗೆ 30 ಸೆಂಟಿಮೀಟರ್ ಆಸುಪಾಸು, ಬಲಗೈ ಮುಚ್ಚಿಗೆಯ ಕಡೆ ಸ್ವಲ್ಪ ವಾಲಿಸಿ. ಎಡದ ಗುಂಕಾರ ತಾನಾಗಿ ತುಂಬಿಕೊಳ್ಳುತ್ತದೆ.

ಅರ್ಥಧಾರಿಗಳದ್ದೇ ಕಷ್ಟ. ಇಬ್ಬರು ಮೂವರು ಒಂದೇ ಮೈಕು ಹಂಚಿಕೊಳ್ಳುತ್ತಾರೆ, ವೀರರಸ ಬಂದರೆ ಹಿಂದೆ ಸರಿದು ಗರ್ಜಿಸುತ್ತಾರೆ, ಕರುಣದಲ್ಲಿ ತಲೆ ತಗ್ಗಿಸಿ ಪಿಸುಗುಡುತ್ತಾರೆ. ಹಾಗೆಂದು ಮೈಕನ್ನು ಎಲ್ಲರಿಗೂ ಸಮವಾಗಿ ಮೂರಡಿ ದೂರ ಇಟ್ಟರೆ ನಿಮ್ಮ ಬಾವಿಯ ಧ್ವನಿ ಮರಳಿ ಬರುತ್ತದೆ, ಏಕೆಂದರೆ ಮೈಕಿಗೆ ನೇರ ಧ್ವನಿಗಿಂತ ಗೋಡೆ ಮತ್ತು ತಗಡಿಗೆ ಬಡಿದು ಬಂದದ್ದೇ ಹೆಚ್ಚು. ದೂರವನ್ನು ಅರ್ಧಕ್ಕೆ ಇಳಿಸಿದರೆ ನೇರ ಧ್ವನಿ 6 ಡೆಸಿಬೆಲ್ ಏರುತ್ತದೆ, ಕೋಣೆಯ ಪ್ರತಿಧ್ವನಿ ಮತ್ತು ಮಳೆ ಇದ್ದಷ್ಟೇ ಇರುತ್ತವೆ. ಮೂರಡಿಯಿಂದ ಮುಕ್ಕಾಲು ಅಡಿಗೆ ತಂದರೆ 12 ಡೆಸಿಬೆಲ್. ಇಷ್ಟನ್ನು ಧ್ವನಿ ಕೆಡಿಸದೆ ಕೊಡಬಲ್ಲ ಸಾಫ್ಟ್‌ವೇರ್ ಪುಕ್ಕಟೆಯಲ್ಲೂ ಇಲ್ಲ, ದುಡ್ಡು ಕೊಟ್ಟರೂ ಇಲ್ಲ. ಹಾಗಾಗಿ ಚಿಕ್ಕ ಸ್ಟ್ಯಾಂಡು ಬಳಸಿ, ಮಾತಾಡುವವರ ಮುಂದೆ ಮೈಕು ಸರಿಸಲು ಪ್ರತಿ ಸಾಲಿಗೆ ಒಬ್ಬ ಹುಡುಗನನ್ನು ಕೂರಿಸಿ. ಎರಡು ಮೈಕುಗಳ ನಡುವಿನ ಅಂತರ, ಮೈಕಿನಿಂದ ಬಾಯಿಗಿರುವ ಅಂತರದ ಮೂರು ಪಟ್ಟಾದರೂ ಇರಲಿ. ಇಲ್ಲದಿದ್ದರೆ ಒಂದೇ ಮಾತು ಎರಡು ಮೈಕಿಗೆ ಬೇರೆ ಬೇರೆ ಹೊತ್ತಿಗೆ ತಲುಪಿ (ಒಂದು ಮೀಟರಿಗೆ ಸುಮಾರು 3 ಮಿಲಿಸೆಕೆಂಡು), ಕೂಡಿಸಿದಾಗ ಕೆಲವು ಕಂಪನಾಂಕಗಳು ಒಂದನ್ನೊಂದು ಅಳಿಸಿಕೊಂಡು ಧ್ವನಿ ಟೊಳ್ಳಾಗುತ್ತದೆ.

ಗೇನ್ ಹೊಂದಿಸುವಾಗ ಒಂದು ತಪ್ಪು ತಿಳಿವಳಿಕೆ ಮೊದಲು ಹೋಗಬೇಕು. ಆರ್ಡೋರಿನ ಫೇಡರ್ ಇಳಿಸಿದರೆ ಮುದ್ರಣದ ಮಟ್ಟ ಇಳಿಯುವುದಿಲ್ಲ. ಅದು ಕೇಳಿಸಿಕೊಳ್ಳುವ ಮಟ್ಟ ಮಾತ್ರ, ಮುದ್ರಣ ಫೇಡರಿಗಿಂತ ಮೊದಲೇ ಆಗಿಹೋಗಿರುತ್ತದೆ. ಮಟ್ಟ ನಿರ್ಧರಿಸುವುದು ಇಂಟರ್‌ಫೇಸಿನ ಮುಂಭಾಗದ ತಿರುಗುಗುಂಡಿ. ಚಂಡೆ ಮದ್ದಳೆಯವರಿಗೆ ತಮ್ಮ ಅತ್ಯಂತ ಜೋರಿನ ಬಿಡ್ತಿಗೆ, ಮುಕ್ತಾಯ ನುಡಿಸಲು ಹೇಳಿ. ಭಾಗವತರು ಏರುಪದವೊಂದನ್ನು ಹೇಳಲಿ. ಆಗ ಯಾವ ಚಾನೆಲಿನ ಶಿಖರವೂ ಮೈನಸ್ 12 ಡೆಸಿಬೆಲ್ ದಾಟಬಾರದು (ಮೀಟರಿನ ತುತ್ತತುದಿ ಸೊನ್ನೆ). ಮಾತಿನ ಸರಾಸರಿ ಮೈನಸ್ 20ರ ಆಚೀಚೆ ಓಡಾಡುತ್ತಿರಲಿ. ಪರೀಕ್ಷೆಯಲ್ಲಿ ನುಡಿಸುವುದಕ್ಕಿಂತ ರಂಗ ಕಾವೇರಿದ ಮೇಲೆ ಕೈ ಜೋರಾಗುವುದು ಸಹಜ, ಅದಕ್ಕೇ ಈ 12 ಡೆಸಿಬೆಲ್ ಖಾಲಿ ಜಾಗ. ಮೀಟರು ಇಷ್ಟು ಕೆಳಗಿದ್ದರೆ ಧ್ವನಿ ಸಪ್ಪೆಯಾದೀತೆಂಬ ಭಯ ಕ್ಯಾಸೆಟ್ ಕಾಲದ್ದು. ಟೇಪಿನ ಸ್ಸ್ ಸದ್ದಿನಿಂದ ತಪ್ಪಿಸಿಕೊಳ್ಳಲು ಆಗ ಮಟ್ಟ ಏರಿಸಬೇಕಿತ್ತು. 24 ಬಿಟ್ಟಿನ ಲೆಕ್ಕದ ಹರವು 144 ಡೆಸಿಬೆಲ್, ಆಮೇಲೆ ಎಷ್ಟು ಬೇಕಾದರೂ ಏರಿಸಿಕೊಳ್ಳಬಹುದು. ಸೊನ್ನೆ ಮುಟ್ಟಿ ಚಪ್ಪಟೆಯಾದ ತರಂಗದ ತುದಿಯನ್ನು ಮಾತ್ರ ವಾಪಸು ತರಲಾಗದು. ಆಡಾಸಿಟಿಯ ಕ್ಲಿಪ್ ಫಿಕ್ಸ್ ಒಂದೆರಡು ತುದಿಗಳನ್ನು ಊಹಿಸಿ ತುಂಬುತ್ತದೆ, ಇಡೀ ಚಂಡೆಯ ಗತಿಯನ್ನು ತುಂಬಲಾರದು. ಮೊಬೈಲಿನಲ್ಲಿ ಆದದ್ದು ಇದೇ. ಅದರ ಸ್ವಯಂಚಾಲಿತ ಗೇನು ಪಿಸುಮಾತಿಗೆಂದು ಏರಿ ಕೂತಿತ್ತು, ಅಷ್ಟರಲ್ಲಿ ಚಂಡೆ ಬಡಿಯಿತು.

48 ವೋಲ್ಟಿನ ಫ್ಯಾಂಟಮ್ ಗುಂಡಿ ಡೈನಾಮಿಕ್ ಮೈಕಿಗೆ ಬೇಡ, ಆರಿಸಿಯೇ ಇಡಿ. ಕಂಡೆನ್ಸರ್ ಮೈಕು ತೆಗೆದುಕೊಳ್ಳದ್ದು ಮಳೆಗಾಲದ ಮಟ್ಟಿಗೆ ಒಳ್ಳೆಯದೇ ಆಯಿತು. ಕುಮಟಾ, ಹೊನ್ನಾವರದ ಕರಾವಳಿಯಲ್ಲಾಗಲಿ ಘಟ್ಟದ ಮೇಲಾಗಲಿ ಜುಲೈ ತಿಂಗಳ ತೇವ ಅದರ ತೆಳು ಪೊರೆಯ ಮೇಲೆ ಕೂತರೆ ಚರಪರ ಸದ್ದು ಶುರು. ಡೈನಾಮಿಕ್ ಮೈಕುಗಳಿಗೂ ಕೂಟ ಮುಗಿದ ಮೇಲೆ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಕಾರವಾರ, ಅಂಕೋಲೆಯಂಥ ಕಡಲಂಚಿನ ಊರಿಗೆ ಉಪಕರಣ ಒಯ್ದಿದ್ದರೆ ಎಕ್ಸ್‌ಎಲ್‌ಆರ್ ಪಿನ್ನುಗಳನ್ನು ಒಮ್ಮೆ ಒರೆಸಿ. ಉಪ್ಪುಗಾಳಿಗೆ ಪಿನ್ನು ಮಂಕಾಗಿ ಸಂಪರ್ಕ ಕಡಿದು ಕಡಿದು ಬರುತ್ತದೆ, ಅದನ್ನು ಕೇಬಲ್ ದೋಷವೆಂದು ತಿಳಿಯುವವರೇ ಹೆಚ್ಚು.

ಹಮ್ ಎಂಬ ಗುಂಯ್ ಸದ್ದು ಬಂದರೆ ಅದು 50 ಹರ್ಟ್ಜಿನದು, ಜೊತೆಗೆ 100, 150ರ ಮರಿಗಳು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಹೋದರೆ ಅರ್ಥಿಂಗಿನ ಸಮಸ್ಯೆ: ಇಂಟರ್‌ಫೇಸ್, ಲ್ಯಾಪ್‌ಟಾಪ್, ಧ್ವನಿವರ್ಧಕದ ಮಿಕ್ಸರ್ ಮೂರಕ್ಕೂ ಒಂದೇ ಬೋರ್ಡಿನಿಂದ ಕರೆಂಟು ಕೊಡಿ. ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವ ಚಾಳಿ ಬೇಡ, ಒದ್ದೆ ನೆಲದ ಸಭಾಭವನದಲ್ಲಿ ಅದು ಜೀವಕ್ಕೇ ಕುತ್ತು. ಕರೆಂಟು ಹೋದರೆ ಯುಎಸ್‌ಬಿಯಿಂದಲೇ ಶಕ್ತಿ ಪಡೆಯುವ ಇಂಟರ್‌ಫೇಸು ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ನಡೆಯುತ್ತಿರುತ್ತದೆ. ಬೇರೆ ಅಡಾಪ್ಟರಿನದಾದರೆ ಮುದ್ರಣ ಆ ಕ್ಷಣಕ್ಕೇ ನಿಲ್ಲುತ್ತದೆ, ಚಿಕ್ಕ ಯುಪಿಎಸ್ ಬೇಕು.

ಮೊಬೈಲಿನಲ್ಲೂ ಒಂದು ಪ್ರತಿ ಮುದ್ರಿಸಿಟ್ಟುಕೊಳ್ಳಿ, ಆದರೆ ಅದನ್ನು ಲ್ಯಾಪ್‌ಟಾಪಿನ ಮುದ್ರಣಕ್ಕೆ ಜೋಡಿಸಹೊರಟರೆ ಮೊದಲ ಹತ್ತು ನಿಮಿಷ ಸರಿಹೊಂದಿದ್ದು ಕೊನೆಯಲ್ಲಿ ಹೊಂದುವುದಿಲ್ಲ. ಎರಡು ಸಾಧನಗಳ ಗಡಿಯಾರಗಳ ನಡುವೆ ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸವಿದ್ದರೂ ಗಂಟೆಗೆ 72 ಮಿಲಿಸೆಕೆಂಡು ಸರಿಯುತ್ತದೆ. ಅರ್ಧ ಗಂಟೆಗೊಮ್ಮೆ ಕತ್ತರಿಸಿ ಹೊಂದಿಸುವುದೇ ಸುಲಭದ ದಾರಿ. ಇನ್ನು, 48000ದಲ್ಲಿ ಮುದ್ರಿಸಿದ್ದನ್ನು ಯಾವುದೋ ಸಾಧನ 44100 ಎಂದು ತಿಳಿದು ನುಡಿಸಿದರೆ ಶ್ರುತಿ ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಸುಮಾರು ಒಂದೂವರೆ ಮನೆ ಕೆಳಗಿಳಿಯುತ್ತದೆ. ಭಾಗವತರ ಧ್ವನಿ ದಪ್ಪಗಾಗಿದೆ ಎಂದು ಯಾರಾದರೂ ಹೇಳಿದರೆ ಮೊದಲು ಈ ಸಂಖ್ಯೆ ನೋಡಿ.

ಮಳೆಯ ವಿಷಯಕ್ಕೆ ಬರೋಣ. ಆಡಾಸಿಟಿಯ ನಾಯ್ಸ್ ರಿಡಕ್ಷನ್ ಎರಡು ಹಂತದ್ದು. ಬರೀ ಗದ್ದಲವಿರುವ ಒಂದೆರಡು ಸೆಕೆಂಡಿನ ಜಾಗ ಆರಿಸಿ ಗೆಟ್ ನಾಯ್ಸ್ ಪ್ರೊಫೈಲ್, ನಂತರ ಬೇಕಾದ ಭಾಗ ಆರಿಸಿ ಅನ್ವಯಿಸುವುದು. ಇದು ಫ್ಯಾನಿನಂಥ ಏಕಪ್ರಕಾರದ ಸದ್ದಿಗೆ ಹೇಳಿ ಮಾಡಿಸಿದ್ದು. ತಗಡಿನ ಮೇಲಿನ ಮಳೆ ಏರುತ್ತ ಇಳಿಯುತ್ತ ಇರುತ್ತದೆ. ಗಣಪತಿ ಸ್ತುತಿಯ ಮುಂಚೆ ತೆಗೆದ ಪ್ರೊಫೈಲು ಅರ್ಧ ಗಂಟೆಯ ನಂತರದ ಜಡಿಮಳೆಗೆ ಹೊಂದುವುದಿಲ್ಲ. ಮಳೆಯ ರಭಸ ಬದಲಾದ ಕಡೆಯೆಲ್ಲ ಮಾತಿನ ನಡುವಿನ ವಿರಾಮ ಹುಡುಕಿ ಹೊಸ ಪ್ರೊಫೈಲು ತೆಗೆಯಿರಿ. ಬೇಸರದ ಕೆಲಸ, ಅಡ್ಡದಾರಿ ಇಲ್ಲ. ಕಡಿತ 6 ಡೆಸಿಬೆಲ್, ಹೆಚ್ಚೆಂದರೆ 9. ಸೆನ್ಸಿಟಿವಿಟಿ 4ರಿಂದ 6. ಮಳೆಯ ಸದ್ದೂ ಸ, ಶ, ಷ, ಹಗಳ ಉಸಿರೂ ಒಂದೇ ಕಂಪನಾಂಕಗಳಲ್ಲಿ ಇರುವುದರಿಂದ 20 ಡೆಸಿಬೆಲ್ ಕತ್ತರಿಸಿದರೆ ಮಳೆಯೊಂದಿಗೆ ಈ ಅಕ್ಷರಗಳೂ ತೊಳೆದುಹೋಗಿ, ಉಳಿದದ್ದು ನೀರಿನೊಳಗೆ ಗುಳುಗುಳು ಎನ್ನುತ್ತದೆ. ಅದೇ ಕಿಟಕಿಯಲ್ಲಿ ರೆಸಿಡ್ಯೂ ಎಂಬ ಆಯ್ಕೆಯಿದೆ, ತೆಗೆದುಹಾಕಿದ್ದನ್ನಷ್ಟೇ ಕೇಳಿಸುತ್ತದೆ. ಅದರಲ್ಲಿ ಮಾತಿನ ತುಣುಕು ಕೇಳಿದರೆ ಅತಿಯಾಯಿತು ಎಂದೇ ಲೆಕ್ಕ. ಕೇಳಿ ನೋಡಿದ ಮೇಲೆ ಆಯ್ಕೆಯನ್ನು ರೆಡ್ಯೂಸಿಗೆ ಮರಳಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಮಾತು ಹೋಗಿ ಮಳೆ ಉಳಿಯುತ್ತದೆ.

ಆರ್‌ಎನ್‌ನಾಯ್ಸ್ ಎಂಬ ಮುಕ್ತ ಪ್ಲಗಿನ್ ಇದೆ, ನರಜಾಲ ಕಲಿಕೆಯಿಂದ ಮಾತನ್ನು ಗದ್ದಲದಿಂದ ಬೇರ್ಪಡಿಸುವಂಥದ್ದು. ಅರ್ಥಗಾರಿಕೆಯ ಟ್ರ್ಯಾಕಿನಲ್ಲಿ ಹದವಾಗಿ ಬಳಸಬಹುದು. ಭಾಗವತಿಕೆಗೂ ಮದ್ದಳೆಗೂ ಖಂಡಿತ ಬೇಡ: ಮಾತಲ್ಲದ್ದೆಲ್ಲ ಅದಕ್ಕೆ ಗದ್ದಲವೇ, ಮದ್ದಳೆಯ ನಾದವನ್ನು ನುಂಗಿಬಿಡುತ್ತದೆ. ಗೇಟ್ (ಮಾತಿಲ್ಲದಾಗ ಧ್ವನಿಯನ್ನು ತಾನಾಗಿ ಮುಚ್ಚುವ ಪ್ಲಗಿನ್) ಬಳಸುವ ಸಲಹೆಯನ್ನೂ ಪಕ್ಕಕ್ಕಿಡಿ. ಮಾತು ನಿಂತಾಗ ಮಳೆ ಗಪ್ಪನೆ ನಿಂತು, ಮಾತು ಶುರುವಾದಾಗ ಧಡಕ್ಕನೆ ಸುರಿಯುವುದು ಇಡೀ ಮಳೆಗಿಂತ ಹೆಚ್ಚು ಕಿರಿಕಿರಿ. ಮಲೆನಾಡಿನ ಕೇಳುಗನಿಗೆ ಹಿನ್ನೆಲೆಯಲ್ಲಿ ಒಂದಿಷ್ಟು ಸಮನಾದ ಮಳೆ ತೊಂದರೆಯೇ ಅಲ್ಲ, ಮಾತು ಸ್ಪಷ್ಟವಿದ್ದರೆ ಸಾಕು.

ಮಿಶ್ರಣ ಆರ್ಡೋರಿನಲ್ಲಿ. ಮೊದಲ ಕೆಲಸ, ಯಾರೂ ಮಾತಾಡದ ಹೊತ್ತಿನಲ್ಲಿ ಆಯಾ ಟ್ರ್ಯಾಕನ್ನು ಕತ್ತರಿಸಿ ತಗ್ಗಿಸುವುದು. ತುಂಡಿನ ಎರಡೂ ತುದಿಗೆ ಅರ್ಧ ಸೆಕೆಂಡಿನ ಫೇಡು ಕೊಟ್ಟು 10 ಡೆಸಿಬೆಲ್ ಇಳಿಸಿ, ಪೂರ್ತಿ ಮುಚ್ಚಬೇಡಿ. ತೆರೆದಿರುವ ಮೈಕು ಕಡಿಮೆಯಾದಷ್ಟೂ ಮಳೆ, ಪ್ರತಿಧ್ವನಿ, ಚಂಡೆಯ ಎರವಲು ಸದ್ದು ಎಲ್ಲ ಕಡಿಮೆ. ಮಾತಿನ ಎರಡು ಟ್ರ್ಯಾಕಿಗೆ 100 ಹರ್ಟ್ಜಿನ ಕೆಳಗಿನದನ್ನು ಕತ್ತರಿಸುವ ಹೈಪಾಸ್ ಹಾಕಿ, ಮದ್ದಳೆಗೆ 40ಕ್ಕಿಂತ ಮೇಲೆ ಹಾಕಬೇಡಿ, ಎಡದ ನಾದ ಸಾಯುತ್ತದೆ. ಗರ್ಜನೆ ಪಿಸುಮಾತಿನ ಅಂತರವನ್ನು ಪೂರ್ತಿಯಾಗಿ ಕಂಪ್ರೆಸರಿನ (ಜೋರಿನ ಧ್ವನಿಯನ್ನು ತಾನಾಗಿ ತಗ್ಗಿಸುವ ಪ್ಲಗಿನ್) ತಲೆಗೆ ಕಟ್ಟದೆ, ತುಂಡು ತುಂಡಿನ ಗೇನು ಕೈಯಾರೆ ಸಮ ಮಾಡಿ. ಆಮೇಲೆ ಕಂಪ್ರೆಸರಿಗೆ 2.5ಕ್ಕೆ 1 ಅನುಪಾತ, ಅಟ್ಯಾಕ್ 15 ಮಿಲಿಸೆಕೆಂಡು, ರಿಲೀಸ್ 200, ಕಡಿತ 4 ಡೆಸಿಬೆಲ್ ಮೀರದಂತೆ. ಮೆಟ್ರೋನೋಮಿನ ಗೆರೆಗಳಿಗೆ ಯಾವುದನ್ನೂ ಅಂಟಿಸಲು ಹೋಗಬೇಡಿ. ಭಾಗವತರ ಲಯ ಪದದೊಳಗೇ ಏರುತ್ತದೆ, ಗೆರೆಗೆ ಅಂಟಿಸುವ ಸ್ನ್ಯಾಪ್ ಗುಂಡಿಯನ್ನು ನಿಲ್ಲಿಸಿಡಿ.

ಎಕ್ಸ್‌ಪೋರ್ಟ್ ಮಾಡುವಾಗ ಲೌಡ್‌ನೆಸ್ ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಸರಾಸರಿ ಜೋರಿನ ಅಳತೆ), ಟ್ರೂ ಪೀಕ್ ಅಂದರೆ ಶಿಖರದ ಮಿತಿ ಮೈನಸ್ 1. ಆರ್ಡೋರ್ ತಾನೇ ಅಳೆದು ಹೊಂದಿಸುತ್ತದೆ. ಸಂಗ್ರಹಕ್ಕೆ 24 ಬಿಟ್ ಫ್ಲ್ಯಾಕ್: ಒಂದು ಬಿಟ್ಟೂ ಕಳೆಯದೆ ಸಾಮಾನ್ಯವಾಗಿ ಅರ್ಧದ ಆಸುಪಾಸಿಗೆ ಕುಗ್ಗುತ್ತದೆ. ಹಂಚಲು ಓಪಸ್ ಮೋನೋ 48 ಕೆಬಿಪಿಎಸ್ ಸಾಕು, ಮೂರು ಗಂಟೆಗೆ ಸುಮಾರು 65 ಎಂಬಿ. ಕಾರಿನ ಪೆನ್‌ಡ್ರೈವಿಗೆ ಕೇಳುವವರಿಗೆ ಎಂಪಿ3 128, ಅದೇ ಮೂರು ಗಂಟೆಗೆ 173 ಎಂಬಿ. ಪದ ಪದಕ್ಕೆ ಬೇರೆ ಫೈಲು ಬೇಕಿದ್ದರೆ ಆಡಾಸಿಟಿಯಲ್ಲಿ ಪ್ರತಿ ಪದದ ಆರಂಭದಲ್ಲಿ ಕಂಟ್ರೋಲ್ ಬಿ ಒತ್ತಿ ಲೇಬಲ್ ಬರೆದು, ಎಕ್ಸ್‌ಪೋರ್ಟಿನಲ್ಲಿ ಹಲವು ಫೈಲುಗಳು ಎಂಬುದನ್ನು ಆರಿಸಿ. ಲೇಬಲ್ಲೇ ಫೈಲಿನ ಹೆಸರಾಗುತ್ತದೆ.

ಇನ್ನು ಓದುವ ಕಂಪ್ಯೂಟರ್. ಹಿರಿಯರಿಗೆ ವಿಂಡೋಸ್ ಇದ್ದರೆ ಎನ್‌ವಿಡಿಎ, ಲಿನಕ್ಸ್ ಇದ್ದರೆ ಓರ್ಕಾ. ಎರಡೂ ಪರದೆಯ ಮೇಲಿನದನ್ನು ಓದಿ ಹೇಳುವ ಮುಕ್ತ ತಂತ್ರಾಂಶ. ಎನ್‌ವಿಡಿಎ ಜೊತೆಗೇ ಬರುವ, ಪಠ್ಯವನ್ನು ಧ್ವನಿಯಾಗಿಸುವ ಇಸ್ಪೀಕ್ ಎನ್‌ಜಿಯಲ್ಲಿ ಕನ್ನಡವಿದೆ, ಧ್ವನಿಯ ಸೆಟ್ಟಿಂಗಿನಲ್ಲಿ ಆರಿಸಿದರಾಯಿತು. ಮನುಷ್ಯರ ಧ್ವನಿಯ ತುಣುಕು ಜೋಡಿಸದೆ, ಗಂಟಲು ಬಾಯಿಗಳ ಅನುರಣನವನ್ನು ಲೆಕ್ಕದಿಂದಲೇ ಹುಟ್ಟಿಸುವ ಬಗೆ ಅದು. ಹಾಗಾಗಿ ಯಾಂತ್ರಿಕವಾಗಿ ಕೇಳುತ್ತದೆ, ಕೆಲವೇ ಎಂಬಿಯಲ್ಲಿ ಮುಗಿಯುತ್ತದೆ, ವೇಗ ಎಷ್ಟು ಏರಿಸಿದರೂ ಅಕ್ಷರ ಕಲಸಿಹೋಗುವುದಿಲ್ಲ. ಮೊದಲ ವಾರ ಅವರಿಗೆ ಹಿಡಿಸಲಿಕ್ಕಿಲ್ಲ. ನಿಧಾನದ ವೇಗದಲ್ಲಿ ಶುರು ಮಾಡಿಸಿ.

ಅಡ್ಡಿಯಿರುವುದು ನಿಮ್ಮ ನುಡಿ ಫೈಲಿನಲ್ಲಿ. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಟೈಪಿಸಿದ್ದರೆ ಕಡತದೊಳಗೆ ಇರುವುದು ಕನ್ನಡವಲ್ಲ, ಕನ್ನಡದ ಆಕಾರ ತೊಟ್ಟ ಇಂಗ್ಲಿಷ್ ಸಂಕೇತಗಳು. ಇಡೀ ಪಠ್ಯದ ಫಾಂಟನ್ನು ಬೇರೆ ಯಾವುದಕ್ಕಾದರೂ ಬದಲಿಸಿ ನೋಡಿ. ಕನ್ನಡ ಮಾಯವಾಗಿ ಇಂಗ್ಲಿಷ್ ಅಕ್ಷರಗಳ ಕಿಚಡಿ ಕಂಡರೆ ಯುನಿಕೋಡಿಗೆ ಪರಿವರ್ತಿಸಲೇಬೇಕು, ಯಾವ ವಾಚಕವೂ ಅದನ್ನು ಓದಲಾರದು. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳು (ಧರ್ಮ, ಕರ್ಣ, ಅರ್ಜುನ ಪ್ರಸಂಗದಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತವೆ), ದೀರ್ಘದ ಗುರುತು, ಕೃ ಮೃಗಳಂಥ ಋಕಾರದ ಗುಣಿತ ಇವನ್ನು ಕಣ್ಣಿಟ್ಟು ನೋಡಿ, ತಪ್ಪು ಉಳಿಯುವುದು ಅಲ್ಲೇ. ಛಂದಸ್ಸಿಗಾಗಿ ಸಾಲಿನ ಕೊನೆಯಲ್ಲಿ ಒಡೆದ ಪದಗಳನ್ನು ಕೂಡಿಸಿ ಇನ್ನೊಂದು ಪ್ರತಿ ಮಾಡಿ, ಇಲ್ಲದಿದ್ದರೆ ಅರ್ಧ ಅರ್ಧ ಪದವನ್ನೇ ಓದುತ್ತದೆ. ಎರಡು ದಂಡಗಳ ನಡುವಿನ ಪದ್ಯದ ಸಂಖ್ಯೆ ತೆಗೆದು ಪೂರ್ಣವಿರಾಮ ಹಾಕಿ. ರಾಗ ತಾಳದ ಹೆಸರು ಬೇರೆ ಸಾಲಿನಲ್ಲಿರಲಿ.

ಪರಿಚಯದ ಮಾತಿಗೆ ಮಾತ್ರ ಇಸ್ಪೀಕ್ ಬಳಸಬೇಡಿ, ಅರ್ಥಗಾರಿಕೆಯ ಪಕ್ಕದಲ್ಲಿ ತೀರಾ ಕೃತಕವಾಗಿ ಕೇಳೀತು. ಸಹಜಕ್ಕೆ ಹತ್ತಿರದ್ದು ಬೇಕಿದ್ದರೆ ಮದ್ರಾಸ್ ಐಐಟಿಯ ಎಐ4ಭಾರತ್ ಬಿಡುಗಡೆ ಮಾಡಿದ ಇಂಡಿಕ್ ಟಿಟಿಎಸ್ (ಪಠ್ಯದಿಂದ ಧ್ವನಿ) ಮಾದರಿಗಳಲ್ಲಿ ಕನ್ನಡವಿದೆ, ಪರವಾನಗಿಯೂ ಮುಕ್ತ. ಆದರೆ ಪೈಥಾನ್ ಪರಿಸರ ಕಟ್ಟಿಕೊಳ್ಳಬೇಕು, 4 ಜಿಬಿಯಲ್ಲಿ ಉಸಿರುಗಟ್ಟುತ್ತದೆ. ಅದೇ ತಂಡದ ಹೊಸ ಇಂಡಿಕ್ ಪಾರ್ಲರ್ ಟಿಟಿಎಸ್ ಈ ಯಂತ್ರಕ್ಕೆ ಇನ್ನೂ ಭಾರ, ಬೇರೆ ದೊಡ್ಡ ಕಂಪ್ಯೂಟರಿನಲ್ಲಿ ಓದಿಸಿ ಫೈಲು ತರಬಹುದು. ಮೆಟಾದ ಎಂಎಂಎಸ್‌ನಲ್ಲೂ ಕನ್ನಡವುಂಟು, ಅದರ ಪರವಾನಗಿ ವಾಣಿಜ್ಯೇತರ ಬಳಕೆಗೆ ಮಾತ್ರ. ಮುದ್ರಣಗಳನ್ನು ಮಾರುವ ಅಥವಾ ಜಾಹೀರಾತಿನಿಂದ ಹಣ ಪಡೆಯುವ ಯೋಚನೆಯಿದ್ದರೆ ಅದು ನಡೆಯದು. ಯಾವುದನ್ನೇ ಬಳಸಿದರೂ ಇಸವಿಗಳನ್ನು ಅಕ್ಷರದಲ್ಲಿ ಬರೆಯಿರಿ, ಕಿ.ಮೀ., ಡಾ.ಗಳನ್ನು ಬಿಡಿಸಿ ಬರೆಯಿರಿ. ಬಂದ ಫೈಲಿನ ಸ್ಯಾಂಪಲ್ ರೇಟ್ ಸಾಮಾನ್ಯವಾಗಿ 48000 ಇರುವುದಿಲ್ಲ (ಇಸ್ಪೀಕಿನದು 22050), ಆದ್ದರಿಂದ ಆರ್ಡೋರಿಗೆ ತರುವಾಗ ಸೆಷನ್ನಿಗೆ ನಕಲಿಸುವ ಆಯ್ಕೆಯನ್ನೇ ಬಳಸಿ, ಪರಿವರ್ತನೆ ತಾನಾಗಿ ಆಗುತ್ತದೆ.

ನಿಜವಾಗಿ ಕೇಳಿದರೆ, ಎರಡು ನಿಮಿಷದ ಪರಿಚಯವನ್ನು ನಿಮ್ಮ ಸಂಘದವರೇ ಯಾರಾದರೂ ಓದುವುದು ಇದಕ್ಕಿಂತ ಬೇಗ ಮುಗಿಯುವ ಕೆಲಸ. ಭಾಗವತರಿಗೆಂದು ಹೊಂದಿಸಿದ ಮೈಕು ಅಲ್ಲೇ ಇದೆ. ಕಿಟಕಿ ಮುಚ್ಚಿ, ಮಳೆ ಹೊಳವಾದ ಹೊತ್ತು ನೋಡಿ, ಅದೇ 15 ಸೆಂಟಿಮೀಟರಿನಲ್ಲಿ ಓದಿಸಿ.